ಸಿಜಿಪಿಎ ಕಮ್ಮಿ ಇದೆ ಅಂತ ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಡಿಗ್ರಿಯಲ್ಲಿ ಮಾರ್ಕ್ಸ್ ಕಮ್ಮಿ ಬಂದು, ಎಂಬಿಎ ಸೀಟಿಗಾಗಿ ಯಾವುದಾದರೂ ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟಲು ಹೊರಟಿದ್ದೀರಾ? ದಯವಿಟ್ಟು ಒಂದು ದಿನ ತಡೆಯಿರಿ. ನಾನು 85,000 ರೂಪಾಯಿ ಕಟ್ಟಿದೆ. ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಾರಿ ತಂದ ದುಡ್ಡು ಅದು. ಸೀಟೂ ಸಿಗಲಿಲ್ಲ, ಒಂದು ವರ್ಷವೂ ಹೋಯಿತು.

ನಾನು ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಎಂ3 ಅನ್ನುವ ಗಣಿತದ ಪೇಪರ್ ಒಂದನ್ನೇ ಮೂರು ಸಲ ಬರೆದೆ. ಇನ್ನೂ ಎರಡು ಬ್ಯಾಕ್ ಇದ್ದವು. ಹೇಗೋ ಎಲ್ಲ ಪಾಸಾಯಿತು, ಸಿಜಿಪಿಎ, ಅಂದರೆ ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್, 5.72ಕ್ಕೆ ನಿಂತಿತು. ಎಂಬಿಎ ಪ್ರವೇಶ ಪರೀಕ್ಷೆ ಸಿಮ್ಯಾಟ್‌ನಲ್ಲಿ ಪರವಾಗಿಲ್ಲ ಅನ್ನುವಂಥ ಸ್ಕೋರ್ ಬಂದಿತ್ತು. ಆದರೆ ಮಾರ್ಕ್ಸ್ ಕಾರ್ಡ್ ತೋರಿಸೋಕೆ ನಾಚಿಕೆ. ಆ ನಾಚಿಕೆಯಿಂದಲೇ ಯಾರನ್ನೂ ಏನೂ ಕೇಳದೆ ನೇರ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋದೆ.

ಅಲ್ಲಿದ್ದವರು ಕಾರ್ಡ್ ನೋಡಿ, "ಇದೇನು ಅಂಥ ಕಮ್ಮಿ ಇಲ್ಲ ಬಿಡಪ್ಪಾ" ಅಂದರು. ಪರ್ಸೆಂಟೇಜ್ ಮಾಡೋಕೆ ಅಂತ ಫೋನ್ ತೆಗೆದು 5.72ನ್ನು 9.5ರಿಂದ ಗುಣಿಸಿದರು. ಒಂದು ಚೀಟಿಯಲ್ಲಿ 54.34 ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು ಅಪ್ಪನ ಕಡೆ ತಿರುಗಿಸಿದರು. "ಯಜಮಾನ್ರೇ, ಸೀಟು ಆಯ್ತು ಅಂತಲೇ ತಿಳ್ಕೊಳ್ಳಿ." ಅಪ್ಪನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಗೆಲುವು ಕಂಡಿತು. ಮರುವಾರ ದುಡ್ಡು ಕಟ್ಟಿದೆವು. ಸೀಟ್ ಬ್ಲಾಕಿಂಗ್ ಅಂತ 50,000, ಪ್ರೊಫೈಲ್ ತಯಾರಿ ಅಂತ 35,000.

ಅರ್ಜಿಯನ್ನು ಅವರೇ ತುಂಬಿದರು. ಇಮೇಲ್ ಅವರದು, ಓಟಿಪಿ ಬರುವ ಫೋನ್ ನಂಬರೂ ಅವರದು. ಅದರಲ್ಲಿ ಏನು ಬರೆದಿದ್ದಾರೆ ಅಂತ ನಾನು ಒಂದು ಸಲವೂ ನೋಡಲಿಲ್ಲ. ನಡುವೆ, ಎರಡು ವರ್ಷ ಕೆಲಸ ಮಾಡಿದ ಹಾಗೆ ಒಂದು ಲೆಟರ್ ಮಾಡಿಸಿಕೊಡುತ್ತೇವೆ, ಜಾಸ್ತಿ 10,000 ಕೊಡಿ ಅಂದರು. ಅದಕ್ಕೆ ಮಾತ್ರ ಒಪ್ಪಲಿಲ್ಲ. ಅವತ್ತೇ ಎದ್ದು ಬರಬೇಕಿತ್ತು.

ಆಫರ್ ಲೆಟರ್ ಬಂತು. ಡಾಕ್ಯುಮೆಂಟ್ ವೆರಿಫಿಕೇಶನ್‌ಗೆ ಅಪ್ಪನೂ ಜೊತೆಗೆ ಬಂದರು. ಕೌಂಟರಿನಲ್ಲಿದ್ದ ಮೇಡಂ ನನ್ನ ಕಾರ್ಡ್ ಪಕ್ಕಕ್ಕಿಟ್ಟುಕೊಂಡು ಕ್ಯಾಲ್ಕ್ಯುಲೇಟರ್ ಒತ್ತಿದರು. 5.72ರಲ್ಲಿ 0.75 ಕಳೆದು, ಹತ್ತರಿಂದ ಗುಣಿಸಿದರು. 49.7. "ನಿಮ್ಮ ಯೂನಿವರ್ಸಿಟಿಯ ಲೆಕ್ಕ ಇದು. ಜನರಲ್‌ಗೆ 50 ಬೇಕು. ನೀವು 54 ಅಂತ ಯಾಕೆ ಬರೆದ್ರಿ?"

"ಮೇಡಂ, ಬರೀ 0.3 ಅಲ್ವಾ" ಅಂದೆ. ರೌಂಡ್ ಆಫ್ ಮಾಡುವ ಹಾಗಿಲ್ಲ, ಅದೂ ಅಲ್ಲದೆ ಅರ್ಜಿಯಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದೀರಿ ಅಂದರು. ಕಾರ್ಡ್ ವಾಪಸ್ ಕೊಟ್ಟರು. ಅಪ್ಪ ಆಗ ಹೊರಗೆ ಬೆಂಚಿನ ಮೇಲೆ ಕೂತು ಹಾಸ್ಟೆಲ್ ಫೀಸಿನ ಚಲನ್ ತುಂಬುತ್ತಿದ್ದರು.

ಆ 9.5 ಸಿಬಿಎಸ್‌ಇ ಹತ್ತನೇ ಕ್ಲಾಸಿನವರು ಬಳಸುತ್ತಿದ್ದ ಲೆಕ್ಕ. ಇಂಜಿನಿಯರಿಂಗಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಬ್ಯಾಚಿಗೆ ವಿಟಿಯು ಕೊಟ್ಟಿದ್ದು ಸಿಜಿಪಿಎಯಿಂದ 0.75 ಕಳೆಯುವ ಸೂತ್ರ. ಸ್ಕೀಮ್ (ನಿಮ್ಮ ಬ್ಯಾಚಿನ ಪಠ್ಯಕ್ರಮ) ಬದಲಾದರೆ, ಯೂನಿವರ್ಸಿಟಿ ಬದಲಾದರೆ ಲೆಕ್ಕವೂ ಬದಲಾಗಬಹುದು. ನಿಮ್ಮದು ಯಾವುದು ಅಂತ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೇಳಿ. ಐಐಎಂಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನ ಅರ್ಜಿಯಲ್ಲೂ ಅಷ್ಟೇ: ಯೂನಿವರ್ಸಿಟಿಗೆ ತನ್ನದೇ ಸೂತ್ರ ಇದ್ದರೆ ಅದನ್ನೇ ಬಳಸಬೇಕು. ಕ್ಯಾಟ್‌ಗೆ ಜನರಲ್‌ನವರಿಗೆ 50%, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲರಿಗೆ 45%. ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಎಸ್‌ಸಿ, ಎಸ್‌ಟಿ, ಕ್ಯಾಟಗರಿ-1ಕ್ಕೆ 45%.

50ರ ಗೆರೆ ದಾಟಿದವರಿಗೂ ಒಂದು ಮಾತು. ಐಐಎಂ ಬೆಂಗಳೂರು ಹತ್ತನೇ ಕ್ಲಾಸ್, ಪಿಯುಸಿ, ಡಿಗ್ರಿ ಮೂರರ ಮಾರ್ಕ್ಸಿಗೂ ತೂಕ ಕೊಡುತ್ತದೆ. ಅಲ್ಲಿ ಡಿಗ್ರಿ ಮಾರ್ಕ್ಸ್ ಕಮ್ಮಿ ಇದ್ದರೆ ಕಷ್ಟ. ಎಲ್ಲ ಕಡೆಯೂ ಅಷ್ಟೇ ತೂಕ ಇರುವುದಿಲ್ಲ. ಆಯ್ಕೆ ಹೇಗೆ ಮಾಡುತ್ತಾರೆ ಅನ್ನುವುದನ್ನು ಪ್ರತಿ ಐಐಎಂ ತನ್ನ ವೆಬ್‌ಸೈಟಿನಲ್ಲೇ ಹಾಕಿರುತ್ತದೆ, ಓದೋಕೆ ದುಡ್ಡು ಕೊಡಬೇಕಿಲ್ಲ. ಹೊರದೇಶದ ಎಷ್ಟೋ ಬಿಸಿನೆಸ್ ಸ್ಕೂಲ್‌ಗಳಲ್ಲಿ ಇಂತಿಷ್ಟೇ ಮಾರ್ಕ್ಸ್ ಬೇಕು ಅನ್ನುವ ಗೆರೆ ಇಲ್ಲ. ಮಾರ್ಕ್ಸ್ ಯಾಕೆ ಕಮ್ಮಿ ಬಂತು ಅಂತ ಹೇಳಿಕೊಳ್ಳಲು ಬೇರೆಯೇ ಒಂದು ಪ್ರಬಂಧಕ್ಕೆ ಜಾಗ ಇರುತ್ತದೆ. ಅಂಥ ಸ್ಕೂಲ್‌ಗಳಿಗೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ಸ್ಕೋರ್ ಐದು ವರ್ಷ ನಡೆಯುತ್ತದೆ. ನಾನು ಈಗ ಪೀಣ್ಯದಲ್ಲಿ ಕೆಲಸ ಮಾಡುತ್ತಾ ಅದಕ್ಕೇ ಓದುತ್ತಿದ್ದೇನೆ. ಕೆಲಸದ ಅನುಭವವೂ ಆಯಿತು, ಸುಳ್ಳು ಲೆಟರ್ ಬೇಕಾಗಲಿಲ್ಲ.

ಇನ್ನು ದುಡ್ಡಿನ ವಿಷಯ. ಕ್ಲಾಸ್ ಶುರುವಾಗುವ ಮುಂಚೆ ಸೀಟು ಬಿಟ್ಟರೆ ಕಾಲೇಜು 1,000 ರೂಪಾಯಿಗಿಂತ ಹೆಚ್ಚು ಹಿಡಿಯುವಂತಿಲ್ಲ ಅಂತ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ನಿಯಮವಿದೆ. ಆದರೆ ನಾನು ಕಟ್ಟಿದ್ದು ಕಾಲೇಜಿಗಲ್ಲ. ನನ್ನ ರಸೀದಿಯಲ್ಲಿ ಕಾಲೇಜಿನ ಹೆಸರೇ ಇರಲಿಲ್ಲ. ಸರ್ವಿಸ್ ಚಾರ್ಜ್, ವಾಪಸ್ ಇಲ್ಲ ಅಂತ ಇತ್ತು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ 20,000 ಬಂತು. ಮಿಕ್ಕಿದ್ದು ಬಂದಿಲ್ಲ.

ಹೋದ ವಾರ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. "ಅಣ್ಣಾ, ನಂದು 5.9. ಒಬ್ರು 60,000 ಕೇಳ್ತಿದಾರೆ" ಅಂದಳು. ಅವಳ ಸ್ಕೀಮಿನ ಸೂತ್ರ ಕಾಲೇಜಿನಲ್ಲಿ ಕೇಳಿಕೊಂಡು ಬರೋಕೆ ಹೇಳಿದೆ. ನಮ್ಮದೇ ಸೂತ್ರ. ಇಬ್ಬರೂ ಫೋನಿನಲ್ಲೇ ಲೆಕ್ಕ ಮಾಡಿದೆವು, 51.5. ರಾತ್ರಿ ಊಟ ಆದ ಮೇಲೆ ಅರ್ಜಿಯನ್ನು ಅವಳೇ ಕೂತು ತುಂಬಿದಳು, ತನ್ನ ಇಮೇಲ್, ತನ್ನ ನಂಬರ್ ಹಾಕಿ.