ಅಗಸೆಗೆ ಸಿಂಗಲ್ ಸೂಪರ್ ಫಾಸ್ಫೇಟ್: ಐದು ಹಿಂಗಾರಿನ ಬಳಕೆಯ ನಂತರ

ಗದಗ ಜಿಲ್ಲೆಯ ನಮ್ಮ ಎರೆ ಹೊಲದಲ್ಲಿ ಹೆಸರು ತೆಗೆದ ಮೇಲೆ ಎರಡು ಎಕರೆಗೆ ಅಗಸೆ ಬಿತ್ತುತ್ತೇವೆ. ಮೊದಲು ಎಕರೆಗೆ ಅರ್ಧ ಚೀಲ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರ ಹಾಕುತ್ತಿದ್ದೆ. ಐದು ಹಿಂಗಾರಿನಿಂದ ಅದರ ಬದಲು ಒಂದೂವರೆ ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ (ನಮ್ಮ ಮಾತಿನಲ್ಲಿ ‘ಸೂಪರ್’) ಮತ್ತು ಸುಮಾರು ಹತ್ತು ಕಿಲೋ ಯೂರಿಯಾ ಹಾಕುತ್ತಿದ್ದೇನೆ.

ಬದಲಾವಣೆಗೆ ಕಾರಣ ಗಂಧಕ. 50 ಕಿಲೋ ಡಿಎಪಿಯಲ್ಲಿ 23 ಕಿಲೋ ರಂಜಕ ಮತ್ತು 9 ಕಿಲೋ ಸಾರಜನಕ ಇದ್ದರೂ ಗಂಧಕ ಇರುವುದಿಲ್ಲ; ಅಷ್ಟೇ ತೂಕದ ಸೂಪರ್‌ನಲ್ಲಿ ರಂಜಕ 8 ಕಿಲೋ ಮಾತ್ರವಾದರೂ ಅದರೊಂದಿಗೆ ಸುಮಾರು ಐದೂವರೆ ಕಿಲೋ ಗಂಧಕ ಮತ್ತು ಸಾಕಷ್ಟು ಸುಣ್ಣದಂಶ ದೊರೆಯುತ್ತವೆ. ಕಾಳಿನಲ್ಲಿ ಎಣ್ಣೆ ಕೂಡಿಕೊಳ್ಳಲು ಗಂಧಕ ಬೇಕೇ ಬೇಕು.

ಹೋಲಿಕೆಗಾಗಿ ಪ್ರತಿ ವರ್ಷ ಹೊಲದ ಒಂದು ಪಟ್ಟಿಗೆ ಡಿಎಪಿಯನ್ನೇ ಹಾಕಿ, ಅದರ ರಾಶಿಯನ್ನು ಬೇರೆಯಾಗಿ ಮಾಡಿದ್ದೇನೆ. ಕಾಳಿನ ತೂಕದಲ್ಲಿ ದೊಡ್ಡ ಅಂತರ ಕಾಣಲಿಲ್ಲ. ವ್ಯತ್ಯಾಸ ತಿಳಿದದ್ದು ಗಾಣದಲ್ಲಿ: ಒಂದೇ ಗಾಣಕ್ಕೆ ಸಮತೂಕದ ಕಾಳು ಒಯ್ದಾಗ, ಐದರಲ್ಲಿ ನಾಲ್ಕು ವರ್ಷ, ಸೂಪರ್ ಹಾಕಿದ ಪಾಲಿನ ಎಣ್ಣೆ ತುಸು ಹೆಚ್ಚೇ ಬಂದಿತು. ಹಿಂಗಾರಿ ಮಳೆ ಕೈಕೊಟ್ಟ ಇನ್ನೊಂದು ವರ್ಷ ಎರಡೂ ಒಂದೇ ಆದವು. ಭೂಮಿಯಲ್ಲಿ ಹಸಿ ಇಲ್ಲದಿದ್ದರೆ ಯಾವ ಗೊಬ್ಬರವೂ ಬೇರಿಗೆ ಸಿಗುವುದಿಲ್ಲ.

ಯೂರಿಯಾ ವಿಷಯದಲ್ಲಿ ಮಾತ್ರ ಕೈ ಹಿಡಿತದಲ್ಲಿರಬೇಕೆಂದು ಕಳಕಳಿಯಿಂದ ಹೇಳುತ್ತೇನೆ. ಮೂರನೆಯ ವರ್ಷ ಒಳ್ಳೆಯ ಮಳೆ ಬಿದ್ದಿತೆಂದು ಮೇಲುಗೊಬ್ಬರವಾಗಿ ಇನ್ನಷ್ಟು ಯೂರಿಯಾ ಚೆಲ್ಲಿದೆ. ಬೆಳೆ ಕಡುಹಸಿರಾಗಿ ಎದ್ದು, ನೀಲಿ ಹೂ ಕಣ್ಣು ತುಂಬುವಂತೆ ಬಂದು, ಕಾಯಿ ಕಟ್ಟುವ ಹೊತ್ತಿಗೆ ಗಾಳಿಗೆ ಮಲಗಿಬಿಟ್ಟಿತು. ಕೆಲವು ಕಾಯಿ ಒಣಗಿದ್ದರೆ ಕೆಲವು ಇನ್ನೂ ಹಸಿಯಾಗಿದ್ದವು. ಸಾರಜನಕ ಹೆಚ್ಚಾದಾಗ ಕಾಳಿನಲ್ಲಿ ಪ್ರೋಟೀನ್ ಏರಿ ಎಣ್ಣೆಯ ಪಾಲು ಇಳಿಯುತ್ತದೆ ಎಂಬುದು ಆ ವರ್ಷದ ಗಾಣದಲ್ಲೂ ಗೊತ್ತಾಯಿತು.

ಕೊರತೆಗಳೂ ಇವೆ. ಅಷ್ಟೇ ರಂಜಕಕ್ಕೆ ಮೂರು ಪಟ್ಟು ಚೀಲ ಹೊರಬೇಕಾದ್ದರಿಂದ ಸಾಗಣೆಯ ಖರ್ಚು ಹೆಚ್ಚು. ಒಂದು ವರ್ಷ ತಂದ ಪುಡಿ ಸೂಪರ್ ತೇವ ಹಿಡಿದು ಗಡ್ಡೆಗಟ್ಟಿತ್ತು. ಅದನ್ನು ಒಡೆದು ಬೀಜದೊಂದಿಗೇ ಬೆರೆಸಿ ಬಿತ್ತಿದ್ದು ನನ್ನ ತಪ್ಪು: ಅಗಸೆ ಬೀಜ ತೇವ ತಗಲಿದೊಡನೆ ಲೋಳೆ ಬಿಡುವುದರಿಂದ ಬೀಜ, ಗೊಬ್ಬರ ಎರಡೂ ಅಂಟಿಕೊಂಡು ಕೂರಿಗೆಯ ಬಟ್ಟಲಿನಲ್ಲೇ ಉಳಿದವು, ಸಾಲಿನಲ್ಲಿ ಮಾರುದ್ದ ಖಾಲಿ ಬಿದ್ದವು. ಆಮೇಲಿಂದ ಹರಳು ರೂಪದ್ದನ್ನೇ ಕೊಂಡು, ಬಿತ್ತುವ ಮುನ್ನ ಪ್ರತ್ಯೇಕವಾಗಿ ಮಣ್ಣಿಗೆ ಸೇರಿಸುತ್ತಿದ್ದೇನೆ.

ಹೊಲಕ್ಕೆ ಈಗಾಗಲೇ ಜಿಪ್ಸಂ ಹಾಕುತ್ತಿರುವವರಿಗೆ ಗಂಧಕ ಅದರಿಂದಲೇ ಸಿಗುವುದರಿಂದ ಈ ಬದಲಾವಣೆಯ ಅಗತ್ಯ ಅಷ್ಟಾಗಿ ಕಾಣದು. ನಾನಂತೂ ಈ ಹಿಂಗಾರಿಗೂ ಮೂರು ಚೀಲ ತಂದು, ನೆಲದ ತೇವ ತಾಗದಂತೆ ಹಲಗೆಯ ಮೇಲೆ ಇಟ್ಟಿದ್ದೇನೆ.