ಹೋಲ್ ಸಾ: ಕಾರ್ಬನ್ ಸ್ಟೀಲೋ, ಬೈಮೆಟಲ್ಲೋ?

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಹೋಲ್ ಸಾ, ಅಂದರೆ ಡ್ರಿಲ್‌ಗೆ ಸಿಕ್ಕಿಸಿ ದುಂಡು ತೂತು ಕೊರೆಯುವ ಬಟ್ಟಲಿನಾಕಾರದ ಗರಗಸ, ಕೊಳ್ಳಲು ಹೊರಡುವವರು ಮೊದಲು ಯಾವ ವಸ್ತುವನ್ನು ಕೊರೆಯಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಹಲವು ಅಳತೆಗಳ ಕಾರ್ಬನ್ ಸ್ಟೀಲ್ ಸೆಟ್ ಅಗ್ಗವಾದರೂ ಮೆದು ಮರ, ಪ್ಲೈವುಡ್ ಮತ್ತು ಪ್ಲಾಸ್ಟಿಕ್‌ಗಷ್ಟೇ ಸಾಕು. ಲೋಹ ಕೊರೆದರೆ ಹಲ್ಲು ಬೇಗ ಮೊಂಡಾಗುತ್ತದೆ. ಬೈಮೆಟಲ್‌ನಲ್ಲಿ ಬಾಗಬಲ್ಲ ಉಕ್ಕಿನ ಅಂಚಿಗೆ ಹೈಸ್ಪೀಡ್ ಸ್ಟೀಲ್ ಹಲ್ಲುಗಳನ್ನು ಬೆಸೆದಿರುವುದರಿಂದ ಅದು ಮರವನ್ನಲ್ಲದೆ, ವೇಗ ತಗ್ಗಿಸಿ ಎಣ್ಣೆ ಹನಿಸುತ್ತ ಕೊರೆದರೆ ಮೈಲ್ಡ್ ಸ್ಟೀಲನ್ನೂ ನಿಭಾಯಿಸುತ್ತದೆ. ಬೇಕಾದ ಎರಡು ಮೂರು ಅಳತೆಗಳ ಬೈಮೆಟಲ್ ಕೊಳ್ಳುವುದೇ ಲೇಸೆಂಬುದು ನನ್ನ ಅಭಿಪ್ರಾಯ; ಸೆಟ್ಟಿನ ಅರ್ಧ ಬಟ್ಟಲುಗಳು ಡಬ್ಬದಲ್ಲೇ ತುಕ್ಕು ಹಿಡಿಯುತ್ತವೆ. ಗ್ರಾನೈಟಿಗೆ ಇವೆರಡೂ ಸಲ್ಲವು, ನೀರು ಹಾಕುತ್ತ ಬಳಸುವ ಡೈಮಂಡ್ ಹೋಲ್ ಸಾ ಬೇಕು. ಕಪಾಟಿನ ಬಾಗಿಲಿನಲ್ಲಿ ಹಿಂಜಿಗೆ ಕೊರೆಯುವ 35 ಮಿ.ಮೀ. ಕುಳಿ ಆರಪಾರ ಹೋಗಬಾರದಾದ್ದರಿಂದ ಅಲ್ಲಿ ಚಪ್ಪಟೆ ತಳದ ಕುಳಿ ಕೊರೆಯುವ ಫೋರ್ಸ್ಟ್‌ನರ್ ಎಂಬ ಡ್ರಿಲ್ ಬಿಟ್ ಬಳಸುವುದೇ ಸರಿ.