ಥೈರಾಯ್ಡ್ ಮಾತ್ರೆಯ ಜೊತೆ ಯಾವುದು ಹೊಂದುತ್ತೆ: ಮಾಲಾ, ಛಾಯಾ, ವಂಕಿ

ಗರ್ಭ ತಡೆಯುವ ಕೆಲಸದಲ್ಲಿ ಈ ಮೂರರಲ್ಲಿ ಯಾವುದೂ ನನಗೆ ಕೈಕೊಟ್ಟಿಲ್ಲ. ಆದ್ದರಿಂದ ಆ ಲೆಕ್ಕ ಬಿಡೋಣ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ ನುಂಗುವ ನನ್ನಂಥವರಿಗೆ ಬೇಕಿರುವ ಲೆಕ್ಕವೇ ಬೇರೆ: ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಏರುವ ರಕ್ತದ ಅಳತೆ) ಅಲುಗಿತೇ, ಮುಟ್ಟು ಹೇಗಾಯಿತು, ಬೆಳಗಿನ ಕಾಫಿಗೆ ಇನ್ನೂ ಎಷ್ಟು ಕಾಯಬೇಕು.

ಮಗಳು ಎದೆಹಾಲು ಬಿಟ್ಟ ಮೇಲೆ ಮೊದಲು ಹಿಡಿದದ್ದು ಆಶಾ ಅಕ್ಕ ತಂದುಕೊಟ್ಟ ಮಾಲಾ-ಎನ್ ಗುಳಿಗೆ. ಪುಕ್ಕಟೆ. ಮುಟ್ಟು ಗಡಿಯಾರ ಇಟ್ಟಂತೆ ಬರುತ್ತಿತ್ತು, ಹೊಟ್ಟೆನೋವೂ ಕಡಿಮೆ. ಆದರೆ ಇದರಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಇದೆ. ಅದು ಲಿವರ್‌ಗೆ ಹೇಳಿ, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಹೆಚ್ಚು ಮಾಡಿಸುತ್ತದೆ. ಹಿಡಿದಿಟ್ಟ ಹಾರ್ಮೋನ್ ಮೈಗೆ ದಕ್ಕುವುದಿಲ್ಲ. ಗ್ರಂಥಿ ಸರಿಯಿದ್ದವರಲ್ಲಿ ಅದೇ ಒಂದಿಷ್ಟು ಜಾಸ್ತಿ ಸುರಿಸಿ ಸರಿದೂಗಿಸುತ್ತದೆ. ನನ್ನದು ಬರುವುದೇ ಡಬ್ಬಿಯಿಂದ, ಎಲ್ಲಿಂದ ಜಾಸ್ತಿ ಬರಬೇಕು? ಒಂದೂವರೆ ತಿಂಗಳು ಕಳೆದು ರಕ್ತ ಕೊಟ್ಟಾಗ 2.4 ಇದ್ದ ಟಿಎಸ್‌ಎಚ್ 5.9ಕ್ಕೆ ಏರಿತ್ತು. ಡಾಕ್ಟರು 50 ಮೈಕ್ರೋಗ್ರಾಂ ಮಾತ್ರೆಯನ್ನು 62.5ಕ್ಕೆ ಏರಿಸಿದರು. ಮುಂದೆ ಮಾಲಾ ಬಿಟ್ಟಾಗಲೂ ಮತ್ತೆ ರಕ್ತ ಪರೀಕ್ಷೆ, ಮತ್ತೆ 50. ಏರಿಸಿದ್ದನ್ನು ಇಳಿಸದೇ ಬಿಟ್ಟರೆ ಎದೆ ಡವಗುಟ್ಟುವ ಸರದಿ ಬರುತ್ತದೆ.

ಇನ್ನೊಂದು ತೊಡಕನ್ನು ಮೆಡಿಕಲ್ ಶಾಪಿನವರೂ ಹೇಳುವುದಿಲ್ಲ. ಮಾಲಾ ಪಟ್ಟಿಯಲ್ಲಿ 28 ಗುಳಿಗೆ: 21 ಬಿಳಿ, ಕೊನೆಯ ಏಳು ಕಂದು. ಆ ಕಂದಿನವು ಕಬ್ಬಿಣಾಂಶದ ಮಾತ್ರೆಗಳು. ಕಬ್ಬಿಣ ಹೊಟ್ಟೆಯೊಳಗೆ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ಹೀರಲು ಬಿಡುವುದಿಲ್ಲ, ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ನೆನಪಿರಲಿ ಅಂತ ಎರಡನ್ನೂ ಬೆಳಿಗ್ಗೆಯೇ ನುಂಗುವವರು ಎಷ್ಟು ಮಂದಿಯೋ! ಮಾಲಾ ರಾತ್ರಿ ಊಟದ ನಂತರ ಅಂತ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ. ನಿಜವಾದ ತಲೆನೋವು, ಅಂದರೆ ಕಣ್ಣಮುಂದೆ ಮಿಂಚು ಹೊಡೆದು ಬರುವ ಮೈಗ್ರೇನ್ ಇದ್ದವರಿಗೆ ಮತ್ತು ಬಿಪಿ ಇದ್ದವರಿಗೆ ಮಾಲಾ ಸಲ್ಲದು.

ಛಾಯಾ ನಮ್ಮ ದೇಶದ್ದೇ ಮಾತ್ರೆ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು, ಅಂಗಡಿಯಲ್ಲಿ ಸಹೇಲಿ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದೇ. ಇದು ಹಾರ್ಮೋನ್ ಅಲ್ಲ, ನನ್ನ ಟಿಎಸ್‌ಎಚ್ ಇದ್ದಲ್ಲೇ ಇತ್ತು. ಆದರೆ ಮುಟ್ಟು ಮುಂದೆ ಮುಂದೆ ಹೋಗತೊಡಗಿತು. ಬೇರೆಯವರಿಗೆ ಇದು ಸಣ್ಣ ವಿಷಯ. ಥೈರಾಯ್ಡ್ ಇದ್ದವಳಿಗೆ ಹಾಗಲ್ಲ: ತಡವಾದದ್ದು ಡೋಸು ಕಮ್ಮಿಯಾಗಿಯೋ, ಛಾಯಾದಿಂದಲೋ, ಅಥವಾ ನಿಜಕ್ಕೂ ಗರ್ಭ ನಿಂತೇಬಿಟ್ಟಿದೆಯೋ? ಪ್ರತಿ ಸಲ ಕಿಟ್ ತಂದು ಬಚ್ಚಲಲ್ಲಿ ಎರಡನೇ ಗೆರೆ ಮೂಡುತ್ತದಾ ಎಂದು ನೋಡುತ್ತ ನಿಂತು ಸಾಕಾಯಿತು. ಪಿಸಿಒಡಿ (ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ) ಇದ್ದವರಿಗೆ ಇದನ್ನು ಕೊಡುವುದೂ ಇಲ್ಲ.

ಅಂತರಾ ಇಂಜೆಕ್ಷನ್ ನಾನು ತಗೊಂಡಿಲ್ಲ, ನನ್ನ ವಾರಗಿತ್ತಿ ತಗೊಂಡಿದ್ದಾಳೆ. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಮುಗಿಯಿತು, ಈಸ್ಟ್ರೋಜೆನ್ ಇಲ್ಲ. ಆದರೆ ಬಿಟ್ಟಮೇಲೆ ಗರ್ಭ ನಿಲ್ಲಲು ತಿಂಗಳುಗಟ್ಟಲೆ ತಡವಾಗಬಹುದು. ಇನ್ನೊಂದು ಮಗು ಬೇಕೆನ್ನುವ ನನಗೆ ಅಲ್ಲಿಗೇ ಬೇಡವಾಯಿತು.

ಕೊನೆಗೆ ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ತಾಮ್ರದ ಕಾಪರ್-ಟಿ 380ಎ. ಹಾಕುವಾಗ ಕಿಬ್ಬೊಟ್ಟೆ ಹಿಂಡಿದ ಹಾಗಾಯಿತು, ಸುಳ್ಳು ಹೇಳಲಾರೆ. "ತಿಂಗಳಿಗೊಮ್ಮೆ ದಾರ ಬೆರಳಿಗೆ ಸಿಗುತ್ತಾ ನೋಡ್ಕೋ ತಾಯಿ" ಎಂದು ನರ್ಸಮ್ಮ ಹೇಳಿ ಕಳಿಸಿದರು. ತಾಮ್ರಕ್ಕೂ ಥೈರಾಯ್ಡ್ ಮಾತ್ರೆಗೂ ಯಾವ ಜಗಳವೂ ಇಲ್ಲ. ನುಂಗುವುದು ಬೆಳಗಿನ ಒಂದೇ ಮಾತ್ರೆ. ಇದರ ದೋಷ ರಕ್ತಸ್ರಾವ: ಮೊದಲ ಕೆಲವು ತಿಂಗಳು ಮುಟ್ಟು ಜೋರು. ಥೈರಾಯ್ಡ್ ಹತೋಟಿಗೆ ಬರದಿದ್ದರೆ ಅದರಿಂದಲೂ ಮುಟ್ಟು ಜೋರಾಗುತ್ತದೆ. ಎರಡೂ ಸೇರಿದರೆ ರಕ್ತಹೀನತೆ ಬರಬಹುದು. ಹಾಗಾಗಿ ಟಿಎಸ್‌ಎಚ್ ಹದಕ್ಕೆ ಬಂದಮೇಲೆ, ಹಿಮೋಗ್ಲೋಬಿನ್ ನೋಡಿಕೊಂಡು ಹಾಕಿಸಿಕೊಳ್ಳುವುದು ವಾಸಿ. ಈಗಲೇ ಮುಟ್ಟು ಜೋರಿದ್ದವರು ಹಾರ್ಮೋನ್ ಇರುವ ವಂಕಿಯನ್ನು ಡಾಕ್ಟರ ಹತ್ತಿರ ವಿಚಾರಿಸಿ. ದುಬಾರಿ, ಆದರೆ ಸ್ರಾವ ತಗ್ಗುತ್ತದೆ, ಅದರಲ್ಲೂ ಈಸ್ಟ್ರೋಜೆನ್ ಇಲ್ಲ.

ನಾನು ವಂಕಿಯಲ್ಲೇ ಇದ್ದೇನೆ. ಹತ್ತು ವರ್ಷ ಬರುತ್ತದೆ, ಅಷ್ಟು ದಿನ ಇಟ್ಟುಕೊಳ್ಳುವ ಯೋಚನೆ ಇಲ್ಲ. ಎರಡನೇ ಮಗು ಬೇಕೆನಿಸಿದಾಗ ಟಿಎಸ್‌ಎಚ್ 2.5ರೊಳಗೆ ತಂದುಕೊಂಡು ಆಮೇಲೆ ತೆಗೆಸಲು ಬನ್ನಿ ಎಂದಿದ್ದಾರೆ ಡಾಕ್ಟರು.